ತೋಳಕ್ಕೆ ಕೆಲಸ ಸಿಕ್ಕಿತು: ಒಂದು ರೇಂಜರ್ ರಿಪೇರಿಯ ದಿನಚರಿ

ನಾಲ್ಕನೇ ಸೆಷನ್ ಮುಗಿದ ರಾತ್ರಿ ನನ್ನ ನೋಟ್‌ಬುಕ್‌ನಲ್ಲಿ ಒಂದೇ ಸಾಲು ಬರೆದಿದ್ದೆ: 'ತೋಳ ಸುಮ್ನೆ ನಿಂತಿತ್ತು, ಐದು ಸಲ.'

ನಾವು ಆಡುತ್ತಿರುವುದು ಮೇಜಿನ ಸುತ್ತ ಕೂತು, ಪಾತ್ರ ವಹಿಸಿ, ದಾಳ ಹಾಕಿ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿ, 2014ರ ನಿಯಮಗಳು. ನಾನು ಡಿಎಂ, ಅಂದರೆ ಕಥೆಯನ್ನೂ ಎದುರಾಳಿಗಳನ್ನೂ ನಡೆಸುವವನು. ಆಡುವವರು ನಾಲ್ಕು ಜನ. ಒಬ್ಬ ಫೈಟರ್ (ಯೋಧ), ಒಬ್ಬ ಕ್ಲೆರಿಕ್ (ದೇವರ ಸೇವಕ), ಒಬ್ಬ ವಿಝರ್ಡ್ (ಮಂತ್ರವಾದಿ), ಜೊತೆಗೆ ನನ್ನ ತಂಗಿಯ ರೇಂಜರ್, ಅಂದರೆ ಕಾಡು ಬಲ್ಲ ಬೇಟೆಗಾರ್ತಿ. ಮೂರನೇ ಲೆವೆಲ್‌ನಿಂದ ಆಟ ಶುರು ಮಾಡಿದೆವು. ಆ ಲೆವೆಲ್‌ನಲ್ಲಿ ರೇಂಜರ್ ಒಂದು ದಾರಿ ಆರಿಸಿಕೊಳ್ಳಬೇಕು. ಮೂಲ ಪುಸ್ತಕದಲ್ಲಿ ಇರುವುದು ಎರಡೇ: ಹಂಟರ್, ಮತ್ತು ಒಂದು ಪ್ರಾಣಿಯನ್ನು ಜೊತೆಗಿಟ್ಟುಕೊಳ್ಳುವ ಬೀಸ್ಟ್ ಮಾಸ್ಟರ್. ತಂಗಿ ಯೋಚನೆಯನ್ನೇ ಮಾಡದೆ ಬೀಸ್ಟ್ ಮಾಸ್ಟರ್ ಅಂದಳು. ತೋಳಕ್ಕೆ ಬೂದಿ ಅಂತ ಹೆಸರಿಟ್ಟಳು. ಅದರ ಎಡಗಿವಿ ಹರಿದಿದೆ, ಗುಡುಗು ಬಂದರೆ ಹೆದರುತ್ತದೆ ಅಂತೆಲ್ಲ ಒಂದು ಪುಟ ಬರೆದುಕೊಂಡು ಬಂದಿದ್ದಳು.

ಕಾಳಗ ಶುರುವಾದ ಕೂಡಲೇ ಆ ಪುಟ ಮಡಚಿಕೊಂಡಂತೆ ಆಗುತ್ತಿತ್ತು. "ನಾನು ಬಾಣ ಬಿಡ್ತೀನಿ. ಬೂದಿ ಇರ್ಲಿ ಬಿಡು." ಪ್ರತಿ ಸರದಿಯಲ್ಲೂ ಅದೇ ಮಾತು.

ಆಟ ಮುಗಿದ ಮೇಲೆ ಯಾಕೆ ಅಂತ ಕೇಳಿದೆ.

"ಅಣ್ಣ, ಅದಕ್ಕೆ ಕಚ್ಚು ಅಂತ ಹೇಳಿದ್ರೆ ನನ್ನ ಸರದಿ ಹೋಗತ್ತೆ. ನಮ್ಮಿಬ್ಬರಲ್ಲಿ ಒಬ್ರಿಗೆ ಮಾತ್ರ ಕೆಲಸ ಅಲ್ವಾ?"

ಅವಳು ಹೇಳಿದ್ದು ಸರಿ. ಈ ನಿಯಮದಲ್ಲಿ ತೋಳವನ್ನು ಓಡಾಡಿಸಲು ಖರ್ಚಿಲ್ಲ. ಆದರೆ ಅದು ಕಚ್ಚಬೇಕಾದರೆ ರೇಂಜರ್ ತನ್ನ ಆಕ್ಷನ್, ಅಂದರೆ ಆ ಸರದಿಯ ಮುಖ್ಯ ಕೆಲಸ, ಬಿಟ್ಟುಕೊಡಬೇಕು. ಒಂದು ಸರದಿಗೆ ಆಕ್ಷನ್ ಒಂದೇ. ಅಪ್ಪಣೆ ಕೊಡದಿದ್ದರೆ ತೋಳ ನಿಂತಿರುತ್ತದೆ. ಆಮೇಲೆ ಬಂದ ತಿದ್ದುಪಡಿಯಲ್ಲಿ ಅಪ್ಪಣೆ ಇಲ್ಲದಾಗ ಅದು ಏಟು ತಪ್ಪಿಸಿಕೊಳ್ಳುತ್ತಾ ಇರಬಹುದು ಅಂತ ಮಾಡಿದರು. ಬೂದಿಯ ಮಟ್ಟಿಗೆ ಅದೂ ಒಂದು ಥರ ನಿಂತಿರುವುದೇ.

ಎಲ್ಲಿ ಕೆಟ್ಟಿದೆ ಅಂತ ನೋಡಿದ್ದು

ಏನನ್ನೂ ಬಿಚ್ಚುವ ಮೊದಲು ಲೆಕ್ಕ ಹಾಕಿದೆ. ಎದುರಾಳಿಯ ಆರ್ಮರ್ ಕ್ಲಾಸ್ 13 ಅಂತ ಇಟ್ಟುಕೊಂಡೆ, ಅಂದರೆ ದಾಳದ ಜೊತೆ ನಮ್ಮ ಅಂಕಿ ಕೂಡಿಸಿ ಅಷ್ಟಾದರೆ ಏಟು ತಾಗುತ್ತದೆ. ಮೂರನೇ ಲೆವೆಲ್‌ನಲ್ಲಿ ತಂಗಿಯ ಬಾಣಕ್ಕೆ +7 ಇದೆ. ಇಪ್ಪತ್ತು ಮುಖದ ದಾಳದಲ್ಲಿ 6 ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ತಾಗುತ್ತದೆ. ಅಂದರೆ ನೂರಕ್ಕೆ 75. ಬಾಣದ ಪೆಟ್ಟು ಸರಾಸರಿ 7.5. ಗುರಿಯ ಮೇಲೆ ಹಂಟರ್ಸ್ ಮಾರ್ಕ್ ಮಂತ್ರ ಹಾಕಿದ್ದರೆ ಇನ್ನೊಂದು ಆರು ಮುಖದ ದಾಳ ಸೇರಿ 11. ತಪ್ಪುವ ಬಾಣಗಳನ್ನೂ ಲೆಕ್ಕಕ್ಕೆ ತಗೊಂಡರೆ ಒಂದು ಸುತ್ತಿಗೆ (ಎಲ್ಲರಿಗೂ ಒಂದೊಂದು ಸರದಿ) 8.25.

ತೋಳಕ್ಕೆ +6. ನೂರಕ್ಕೆ 70 ಸಲ ಕಚ್ಚುತ್ತದೆ, ಪೆಟ್ಟು ಸರಾಸರಿ 9. ಅಲ್ಲಿಗೆ ಸುತ್ತಿಗೆ 6.3. ಹಂಟರ್ಸ್ ಮಾರ್ಕ್ ತೋಳದ ಹಲ್ಲಿಗೆ ಲೆಕ್ಕವಿಲ್ಲ. ಅದು ಮಂತ್ರ ಹಾಕಿದವರ ಆಯುಧಕ್ಕೆ ಮಾತ್ರ.

8.25 ಬಿಟ್ಟು 6.3 ತಗೋ ಅಂತ ನಿಯಮವೇ ಹೇಳುತ್ತಿದ್ದರೆ ಯಾರು ತಗೊಳ್ತಾರೆ? ತೋಳ ನಿಂತಿದ್ದು ತಂಗಿಯ ತಪ್ಪಲ್ಲ.

ಐದನೇ ಲೆವೆಲ್‌ಗೆ ಹೋದರೆ ಸರಿಹೋಗಬಹುದಾ ಅಂತ ಅದನ್ನೂ ನೋಡಿದೆ. ಅಲ್ಲಿ ರೇಂಜರ್‌ಗೆ ಎರಡು ಬಾಣ. ತೋಳಕ್ಕೆ ಅಪ್ಪಣೆ ಕೊಟ್ಟರೆ ಒಂದು ಬಾಣ ಮಾತ್ರ ಉಳಿಯುತ್ತದೆ. ಎದುರಾಳಿಯ ಆರ್ಮರ್ ಕ್ಲಾಸ್ 15 ಅಂತ ಹಿಡಿದರೆ, ಮಾರ್ಕ್ ಜೊತೆ ಎರಡು ಬಾಣಕ್ಕೆ 18. ಒಂದು ಬಾಣ, ಒಂದು ಕಡಿತಕ್ಕೆ 15.5. ತೋಳಕ್ಕೆ ಪ್ಯಾಕ್ ಟ್ಯಾಕ್ಟಿಕ್ಸ್ ಅನ್ನುವ ಗುಣ ಇದೆ. ಎದುರಾಳಿಯ ಪಕ್ಕದಲ್ಲೇ ನಮ್ಮವರು ಯಾರಾದರೂ ಇದ್ದರೆ ಅದು ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಅದನ್ನು ಸೇರಿಸಿದರೂ 17.8. ಎರಡು ಲೆವೆಲ್ ಕಾದರೂ ತೋಳವನ್ನು ಕರೆದರೆ ನಷ್ಟವೇ.

ಇಷ್ಟು ಲೆಕ್ಕ ಮುಂದಿದ್ದರೂ ನಾನು ಮೊದಲು ಕೈ ಹಾಕಿದ್ದು ತಪ್ಪು ಜಾಗಕ್ಕೆ.

ಐದನೇ ಸೆಷನ್: ಹಲ್ಲಿಗೆ ಬಲ ಕೊಟ್ಟೆ

ಅಂಕಿ ಕಡಿಮೆ ಇದೆ, ಜಾಸ್ತಿ ಮಾಡೋಣ ಅಂದುಕೊಂಡೆ. ತೋಳದ ಕಡಿತಕ್ಕೆ ಒಂದು ಆರು ಮುಖದ ದಾಳ ಸೇರಿಸಿದೆ. ಪೆಟ್ಟು 12.5 ಆಯಿತು. ಸುತ್ತಿಗೆ 8.75. ಬಾಣದ 8.25ಕ್ಕಿಂತ ಸ್ವಲ್ಪ ಮೇಲೆ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತಿತ್ತು.

ಆ ದಿನದ ಕಾಳಗದಲ್ಲಿ ತಂಗಿ ಪ್ರತಿ ಸುತ್ತಿನಲ್ಲೂ "ಬೂದಿ ಕಚ್ಚತ್ತೆ" ಅಂದಳು. ಮೊದಲ ಎರಡು ಸುತ್ತು ಖುಷಿಯಲ್ಲಿದ್ದಳು. ಮೂರನೇ ಸುತ್ತಿಗೆ ದನಿ ಇಳಿಯಿತು. ರೇಂಜರ್ ಒಂದು ಬಂಡೆಯ ಹಿಂದೆ ಬಿಲ್ಲು ಹಿಡಿದು ನಿಂತಿದ್ದಳು, ಅಷ್ಟೇ. ನಾಲ್ಕು ಸುತ್ತಿನಲ್ಲಿ ಒಂದೂ ಬಾಣ ಬಿಡಲಿಲ್ಲ. ಹಿಂದೆ ತೋಳ ಸುಮ್ಮನಿತ್ತು, ಈಗ ಅದರ ಒಡತಿ ಸುಮ್ಮನಿದ್ದಳು. ಮನೆಗೆ ಹೋಗಿ ಆ ದಾಳವನ್ನು ಹೊಡೆದುಹಾಕಿದೆ.

ಇಲ್ಲಿ ನನಗೊಂದು ವಿಷಯ ಗಟ್ಟಿಯಾಯಿತು. ಅವಳಿಗೆ ಬೇಕಾಗಿದ್ದು ಬಲ ಅಲ್ಲ. ಒಂದೇ ಸರದಿಯಲ್ಲಿ ಇಬ್ಬರೂ ಏನಾದರೂ ಮಾಡಬೇಕು, ಜೊತೆಯಾಗಿ ಮಾಡಬೇಕು. ಬೀಸ್ಟ್ ಮಾಸ್ಟರ್ ಅನ್ನುವ ಹೆಸರು ಕೊಡುವ ಮಾತೇ ಅದು. ಆ ಮಾತು ಉಳಿಯಬೇಕಾದರೆ ಮುಟ್ಟಬೇಕಾಗಿದ್ದು ಪೆಟ್ಟಿನ ಅಂಕಿಯನ್ನಲ್ಲ, ಆಕ್ಷನ್ ಖರ್ಚನ್ನು.

ಆರನೇ ಸೆಷನ್: ತೋಳಕ್ಕೆ ಸ್ವಂತ ಸರದಿ

ಈ ಸಲ ಖರ್ಚನ್ನೇ ತೆಗೆದೆ. ಬೂದಿಗೆ ತನ್ನದೇ ಸರದಿ, ತಂಗಿಯೇ ಆಡಿಸುತ್ತಾಳೆ, ಅಪ್ಪಣೆಗೆ ಏನೂ ಕೊಡಬೇಕಿಲ್ಲ. ಬಾಣಕ್ಕೆ 8.25, ಕಡಿತಕ್ಕೆ 6.3, ಒಟ್ಟು ಸುತ್ತಿಗೆ 14.55. ನಮ್ಮ ಫೈಟರ್ ಎರಡು ಕೈಯಲ್ಲಿ ದೊಡ್ಡ ಕತ್ತಿ ಹಿಡಿದು ಮುಂದೆ ನಿಂತು ಏಟು ತಿಂದು ಹೊಡೆಯುವುದು ಅದೇ ಎದುರಾಳಿಗೆ ಸುಮಾರು 6.5.

ತಂಗಿ ತುಂಬಾ ಖುಷಿಪಟ್ಟಳು. ಫೈಟರ್ ಆಡುವ ಗೆಳೆಯ ಏನೂ ಹೇಳಲಿಲ್ಲ. ಆದರೆ ಎರಡನೇ ಕಾಳಗದ ಹೊತ್ತಿಗೆ ಅವನು ತನ್ನ ಸರದಿ ಬಂದಾಗ ಮಾತ್ರ ತಲೆ ಎತ್ತುತ್ತಿದ್ದ. ಸದ್ದಿಲ್ಲದ ಆ ದೂರು ನನಗೆ ಚೆನ್ನಾಗಿ ಕೇಳಿಸಿತು. ಹೌಸ್ ರೂಲ್ (ನಮ್ಮ ಮೇಜಿಗಷ್ಟೇ ಮಾಡಿಕೊಂಡ ನಿಯಮ) ಒಬ್ಬರ ಹಾಳೆಯ ಮೇಲೆ ಬರೆಯುವಂಥದ್ದಾದರೂ ಅದರ ಭಾರ ಇಡೀ ಮೇಜಿನ ಮೇಲೆ ಬೀಳುತ್ತದೆ. ಇನ್ನೊಂದು ತೊಂದರೆಯೂ ಕಂಡಿತು. ತಂಗಿ ಎರಡು ಸಲ ಓಡಾಡಿಸಿ, ಎರಡು ಸಲ ದಾಳ ಹಾಕಿ, ಎರಡು ಸಲ ಕೂಡಿಸಿ ಮುಗಿಸುವಷ್ಟರಲ್ಲಿ ಬೇರೆಯವರು ಜಾಸ್ತಿ ಹೊತ್ತು ಕಾಯಬೇಕಾಯಿತು.

ಆ ರಾತ್ರಿಯೇ ಗುಂಪಿಗೆ ಹೇಳಿದೆ: ಇದನ್ನು ವಾಪಸ್ ತಗೊಳ್ತೀನಿ, ಬೇರೆ ದಾರಿ ತರ್ತೀನಿ. ಒಂದು ಸೆಷನ್ ಪೂರ್ತಿ ಖುಷಿಯಾಗಿದ್ದವಳಿಂದ ಅದನ್ನು ಕಿತ್ತುಕೊಳ್ಳುವುದು ಕಷ್ಟವೇ ಆಯಿತು. ಅವತ್ತಿನಿಂದ ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾವ ಹೊಸ ನಿಯಮವಾದರೂ ಮೂರು ಸೆಷನ್ ಪರೀಕ್ಷೆಗೆ, ಪೆನ್ಸಿಲ್‌ನಲ್ಲಿ. ಅದು ಹೋಗಬಹುದು ಅಂತ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ.

ಏಳನೇ ಸೆಷನ್: ಬೋನಸ್ ಆಕ್ಷನ್

ಪೂರ್ತಿ ಆಕ್ಷನ್ ಜಾಸ್ತಿ, ಸೊನ್ನೆ ಕಡಿಮೆ. ನಡುವೆ ಇರುವುದು ಬೋನಸ್ ಆಕ್ಷನ್, ಅಂದರೆ ಆಕ್ಷನ್ ಜೊತೆಗೆ ಸರದಿಗೆ ಒಂದೇ ಸಲ ಮಾಡಬಹುದಾದ ಚಿಕ್ಕ ಕೆಲಸ. 2020ರಲ್ಲಿ ಬಂದ ಅಧಿಕೃತ ಪೂರಕ ಪುಸ್ತಕ ಹಿಡಿದ ದಾರಿಯೂ ಇದೇ. ಅದರಲ್ಲಿ ಬೋನಸ್ ಆಕ್ಷನ್ ಕೊಟ್ಟು ಪ್ರಾಣಿಗೆ ಅಪ್ಪಣೆ ಮಾಡಬಹುದು, ಇಲ್ಲವೇ ತನ್ನದೊಂದು ಏಟನ್ನು ಬಿಟ್ಟುಕೊಟ್ಟು ಅದರಿಂದ ಏಟು ಹಾಕಿಸಬಹುದು.

ಹಾಗಾದರೆ ಆ ಪುಸ್ತಕದ ಪ್ರಾಣಿಯನ್ನೇ ಪೂರ್ತಿ ತರಬಹುದಿತ್ತಲ್ಲ ಅಂತ ವಿಝರ್ಡ್ ಆಡುವವನು ಕೇಳಿದ. ನಾನೂ ಹಾಗೇ ಯೋಚಿಸಿದ್ದೆ. ಆದರೆ ಅಲ್ಲಿರುವುದು ನೆಲದ ಪ್ರಾಣಿ, ಆಕಾಶದ ಪ್ರಾಣಿ, ನೀರಿನ ಪ್ರಾಣಿ ಅನ್ನುವ ಮೂರು ಅಚ್ಚುಗಳು. ನೆಲದ ಅಚ್ಚಿನಲ್ಲಿ ತೋಳದ ಮೂಗೂ ಇಲ್ಲ, ಪ್ಯಾಕ್ ಟ್ಯಾಕ್ಟಿಕ್ಸೂ ಇಲ್ಲ. ತಂಗಿಗೆ ಬೂದಿ ಅಂದರೆ ಆ ಮೂಗೇ. ಅದಕ್ಕೇ ಅಪ್ಪಣೆಯ ಭಾಗವನ್ನು ಅಲ್ಲಿಂದ ತಂದೆ, ತೋಳದ ಹಾಳೆಯನ್ನು ಹಾಗೇ ಬಿಟ್ಟೆ.

ಇದು ಕೆಲಸ ಮಾಡುವುದಕ್ಕೆ ಮುಖ್ಯ ಕಾರಣ ಹಂಟರ್ಸ್ ಮಾರ್ಕ್. ಆ ಮಂತ್ರ ಹಾಕುವುದಕ್ಕೂ ಬೋನಸ್ ಆಕ್ಷನ್ ಬೇಕು, ಗುರಿ ಸತ್ತ ಮೇಲೆ ಇನ್ನೊಬ್ಬರ ಮೇಲೆ ಸರಿಸುವುದಕ್ಕೂ ಬೇಕು. ಆ ಸುತ್ತಿನಲ್ಲಿ ತೋಳಕ್ಕೆ ಅಪ್ಪಣೆ ಇಲ್ಲ. ನಾಲ್ಕು ಸುತ್ತಿನ ಒಂದು ಕಾಳಗ ತಗೊಳ್ಳಿ. ಮೊದಲ ಸುತ್ತಿನಲ್ಲಿ ಮಾರ್ಕ್, ಮೂರನೆಯದರಲ್ಲಿ ಅದನ್ನು ಸರಿಸಿದ್ದು, ಉಳಿದ ಎರಡರಲ್ಲಿ ಕಡಿತ. ನಾಲ್ಕು ಬಾಣಕ್ಕೆ 33, ಎರಡು ಕಡಿತಕ್ಕೆ 12.6, ಒಟ್ಟು 45.6. ಸುತ್ತಿಗೆ 11.4. ಇದೇ ರೇಂಜರ್ ಹಂಟರ್ ದಾರಿ ಹಿಡಿದು, ಗಾಯಗೊಂಡ ಎದುರಾಳಿಗೆ ಎಂಟು ಮುಖದ ದಾಳ ಸೇರಿಸುವ ಆಯ್ಕೆ ತಗೊಂಡಿದ್ದರೆ ಸುತ್ತಿಗೆ ಹತ್ತಿರ ಹತ್ತಿರ 11.6 ಬರುತ್ತಿತ್ತು. ಈ ಎರಡು ಅಂಕಿ ಅಕ್ಕಪಕ್ಕ ಕೂತಿದ್ದು ನೋಡಿ ನಾನು ಪೆನ್ಸಿಲ್ ಕೆಳಗಿಟ್ಟೆ.

ಆಟದಲ್ಲಿ ಇನ್ನೂ ಚೆನ್ನಾಗಿ ಬಂತು. ಪ್ರತಿ ಸುತ್ತಿನಲ್ಲೂ ತಂಗಿ ಒಂದು ನಿರ್ಧಾರ ಮಾಡಬೇಕಿತ್ತು. ಮಾರ್ಕ್ ಸರಿಸಲಾ, ಬೂದಿಯನ್ನು ಬಿಡಲಾ? ಮೂರನೇ ಸುತ್ತಿನಲ್ಲಿ ಕಚ್ಚಿಸುವ ಬದಲು "ಬೂದಿ ಅವನ ಕಾಲಿಗೆ ಅಡ್ಡ ಬರತ್ತೆ, ಫೈಟರ್‌ಗೆ ಸಹಾಯ" ಅಂದಳು. ಆ ಸಹಾಯದಿಂದ ಫೈಟರ್ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಂಡ. ಅವನು ತಲೆ ಎತ್ತಿ ಕೂತಿದ್ದ.

ಆದರೆ ಇಲ್ಲಿ ಹಾಕಿದ ತೇಪೆ ಬೇರೆ ಕಡೆ ಹೊಲಿಗೆ ಬಿಚ್ಚಿತು. ಮೂಲ ನಿಯಮದಲ್ಲಿ ಬೀಸ್ಟ್ ಮಾಸ್ಟರ್‌ಗೆ ಏಳನೇ ಲೆವೆಲ್‌ನಲ್ಲಿ ಸಿಗುವುದೇ ಬೋನಸ್ ಆಕ್ಷನ್ ಕೊಟ್ಟು ತೋಳವನ್ನು ಓಡಿಸುವುದು, ಸಹಾಯ ಮಾಡಿಸುವುದು. ಅದನ್ನು ನಾನು ಮೂರರಲ್ಲೇ ಕೊಟ್ಟುಬಿಟ್ಟೆ. ಏಳು ಖಾಲಿಯಾಯಿತು. ಕ್ಲಾಸ್‌ನ (ರೇಂಜರ್, ಫೈಟರ್ ಥರದ ಪಾತ್ರದ ಬಗೆಯ) ಒಂದು ಭಾಗ ಮುಟ್ಟಿದಾಗ ಇಪ್ಪತ್ತನೇ ಲೆವೆಲ್‌ವರೆಗೂ ಒಮ್ಮೆ ಓದಬೇಕು. ನಾನು ಆ ಕೆಲಸ ಮಾಡಿದ್ದು ತಡವಾಗಿ. ಏಳಕ್ಕೆ ಈಗ ಹೀಗೆ ಬರೆದಿದ್ದೇನೆ: ಒಂದು ಸಣ್ಣ ವಿಶ್ರಾಂತಿಗೆ ಒಂದು ಸಲ, ಅಪ್ಪಣೆಗೆ ಏನೂ ಖರ್ಚಿಲ್ಲ.

ಬೂದಿ ಬಿದ್ದ ದಿನ

ಇದು ಮೂರನೇ ಸೆಷನ್‌ನಲ್ಲಿ ಆಗಿದ್ದು, ಆದರೆ ಸರಿಮಾಡಿದ್ದು ಎಂಟರಲ್ಲಿ.

ಮೂಲ ನಿಯಮದಲ್ಲಿ ತೋಳದ ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಡೆಯುತ್ತದೆ ಅನ್ನುವ ಅಂಕಿ) ಅಂದರೆ ರೇಂಜರ್ ಲೆವೆಲ್‌ನ ನಾಲ್ಕರಷ್ಟು, ಇಲ್ಲವೇ ಅದರ ಸ್ವಂತದ್ದು, ಯಾವುದು ಜಾಸ್ತಿಯೋ ಅದು. ಮೂರನೇ ಲೆವೆಲ್‌ಗೆ 12. ಓಗ್ರ್ ಅನ್ನುವ ದೈತ್ಯ ಒಂದು ಏಟು ಕೊಟ್ಟರೆ ಸರಾಸರಿ 13. ಮೂರನೇ ಸೆಷನ್‌ನಲ್ಲಿ ಓಗ್ರ್ ಬಂತು, ಒಂದು ಏಟಿಗೆ ಬೂದಿ ಬಿತ್ತು. ಎದುರಾಳಿ ಪ್ರಾಣಿಗಳು ಸೊನ್ನೆಗೆ ಬಂದರೆ ಸತ್ತ ಹಾಗೇ ಲೆಕ್ಕ ಹಾಕುವುದು ರೂಢಿ. ತೋಳ ಸತ್ತರೆ ಎಂಟು ಗಂಟೆ ಕೂತು ಇನ್ನೊಂದು ಪ್ರಾಣಿಯ ಜೊತೆ ನಂಟು ಬೆಳೆಸಿಕೊಳ್ಳಿ ಅನ್ನುತ್ತದೆ ಪುಸ್ತಕ.

"ನಂಗೆ ಬೇರೆ ತೋಳ ಬೇಡ ಅಣ್ಣ." ಅಷ್ಟೇ ಹೇಳಿದಳು. ಅವತ್ತು ಬೂದಿ ಪ್ರಜ್ಞೆ ತಪ್ಪಿತ್ತು ಅಂತ ಹೇಳಿ ಮುಂದೆ ಹೋದೆ. ನಿಯಮ ಇಲ್ಲದ ದಯೆ ಅದು. ಇನ್ನೊಂದು ಸಲ ದಯೆ ಮಾಡಿದರೆ ತೋಳಕ್ಕೆ ಸಾವೇ ಇಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಆಮೇಲೆ ಅದನ್ನು ಮುಂದೆ ಕಳಿಸುವಾಗ ಯಾರ ಎದೆಯೂ ಹೊಡೆದುಕೊಳ್ಳುವುದಿಲ್ಲ.

ಎಂಟನೇ ಸೆಷನ್‌ಗೆ ಎರಡು ಬದಲಾವಣೆ ತಂದೆ. ಹಿಟ್ ಪಾಯಿಂಟ್‌ಗೆ 2020ರ ಸೂತ್ರ: ಲೆವೆಲ್‌ನ ಐದರಷ್ಟು, ಮೇಲೆ ಐದು. ಮೂರಕ್ಕೆ 20, ಐದಕ್ಕೆ 30. ಇನ್ನೊಂದು ನಮ್ಮದೇ. ಸೊನ್ನೆಗೆ ಬಂದರೆ ಬೂದಿ ಬೀಳುತ್ತದೆ, ಸಾಯುವುದಿಲ್ಲ. ಆಡುವವರ ಪಾತ್ರಗಳ ಹಾಗೇ ಪ್ರತಿ ಸರದಿಗೆ ದಾಳ ಹಾಕಬೇಕು. 10 ಅಥವಾ ಮೇಲೆ ಬಿದ್ದರೆ ಗೆಲುವು, ಕೆಳಗೆ ಸೋಲು. ಮೂರು ಸೋಲಾದರೆ ಸತ್ತಿತು, ಮತ್ತೆ ನಾನು ಯಾವ ದಯೆಯನ್ನೂ ಮಾಡುವುದಿಲ್ಲ. ಈ ಕೊನೆಯ ಮಾತನ್ನು ಬರೆಯುವ ಮೊದಲು ತಂಗಿಯನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಸರಿ, ಬರಿ" ಅಂದಳು.

ಹತ್ತನೇ ಸೆಷನ್, ಈಗ ಎಲ್ಲರೂ ಐದನೇ ಲೆವೆಲ್. ಎದುರಾಳಿ ಮಂತ್ರವಾದಿ ಫೈರ್‌ಬಾಲ್ ಎಸೆದ. ಆರು ಮುಖದ ದಾಳ ಎಂಟು, ಸರಾಸರಿ 28. ಬಿದ್ದಿದ್ದು 31. ಬೂದಿ ಒಂದೇ ಪಾಯಿಂಟ್‌ನಲ್ಲಿ ಬಿತ್ತು. ಮೊದಲ ದಾಳ 6, ಸೋಲು. ಎರಡನೆಯದು 4, ಸೋಲು. ಆಗ ಫೈಟರ್ ತನ್ನ ಎದುರಾಳಿಯನ್ನು ಬಿಟ್ಟು, ಬೆನ್ನಿಗೆ ಒಂದು ಏಟು ತಿಂದು, ಓಡಿ ಹೋಗಿ ಹೀಲಿಂಗ್ ಪೋಷನ್ ಬಾಟಲಿಯನ್ನು ತೋಳದ ಬಾಯಿಗೆ ಸುರಿದ. ಆರನೇ ಸೆಷನ್‌ನಲ್ಲಿ ತಲೆ ತಗ್ಗಿಸಿ ಕೂತಿದ್ದ ಅದೇ ಫೈಟರ್. ಈ ರಿಪೇರಿಯಲ್ಲಿ ನನಗೆ ಅತಿ ಇಷ್ಟವಾದ ಗಳಿಗೆ ಅದು.

ಕಾಡಿನ ಭಾಗ

ತೋಳದ ಕೆಲಸ ಮುಗಿಯುವಾಗ ಇನ್ನೊಂದು ಭಾಗ ಕೈಗೆ ಸಿಕ್ಕಿತು. ನ್ಯಾಚುರಲ್ ಎಕ್ಸ್‌ಪ್ಲೋರರ್. ರೇಂಜರ್ ಒಂದು ಬಗೆಯ ನೆಲವನ್ನು ಆರಿಸಿಕೊಳ್ಳುತ್ತಾಳೆ. ಆ ನೆಲದಲ್ಲಿ ಪ್ರಯಾಣ ಮಾಡುವಾಗ ಮಂತ್ರದಿಂದಲ್ಲದೆ ಗುಂಪು ದಾರಿ ತಪ್ಪುವುದಿಲ್ಲ, ಕಷ್ಟದ ಹಾದಿ ನಿಧಾನ ಮಾಡುವುದಿಲ್ಲ, ಆಹಾರ ಎರಡರಷ್ಟು ಸಿಗುತ್ತದೆ.

ತಂಗಿ ಕಾಡು ಆರಿಸಿದ್ದಳು, ಕಥೆಯೂ ಕಾಡಿನಲ್ಲೇ. ಒಳ್ಳೆಯದಾಯಿತು ಅಂದುಕೊಂಡಿದ್ದೆವು. ಆಗಿದ್ದು ಏನೆಂದರೆ, ದಾರಿ ಹುಡುಕುವ ದೃಶ್ಯ ಬಂದಾಗಲೆಲ್ಲ ನಾನು "ನೀವು ರೇಂಜರ್ ಜೊತೆ ಇದ್ದೀರಿ, ಮೂರು ದಿನದಲ್ಲಿ ತಲುಪಿದಿರಿ" ಅಂತ ಒಂದೇ ವಾಕ್ಯದಲ್ಲಿ ಮುಗಿಸಬೇಕಾಗುತ್ತಿತ್ತು. ಕಾಡು ಅವಳ ಜಾಗ ಆಗಿದ್ದಕ್ಕೇ ಕಾಡು ಆಟದಿಂದ ಮಾಯವಾಗುತ್ತಿತ್ತು. ಗುಡ್ಡಕ್ಕೆ ಹೋದರೆ ಆ ಗುಣಕ್ಕೆ ಬೆಲೆಯೇ ಇಲ್ಲ. ಎರಡೂ ಕಡೆ ಅವಳಿಗೆ ಮಾಡಲು ಏನೂ ಇಲ್ಲ. ಇದೂ ತೋಳದ ಕಾಯಿಲೆಯೇ.

ಅದನ್ನು ಪೂರ್ತಿ ತೆಗೆದು ಹೀಗೆ ಹಾಕಿದೆ. ಎಲ್ಲ ಬಗೆಯ ನೆಲದಲ್ಲೂ, ಪ್ರಯಾಣದ ಪ್ರತಿ ದಿನಕ್ಕೆ ಒಂದು ಸಲ, ರೇಂಜರ್ ನೆಲವನ್ನು ಒಂದು ಪ್ರಶ್ನೆ ಕೇಳಬಹುದು. ಇಲ್ಲಿ ಯಾರು ಹಾದುಹೋದರು? ಹತ್ತಿರದ ನೀರು ಎಲ್ಲಿ? ಇಲ್ಲಿ ಏನು ಸರಿಯಿಲ್ಲ? ನಾನು ನಿಜವನ್ನೇ ಹೇಳಬೇಕು. ಗುಂಪು ದಾರಿ ತಪ್ಪಬಹುದು, ಆದರೆ ತಪ್ಪಿದಾಗ ಏನು ಕಳೆದುಕೊಳ್ಳಬೇಕು ಅಂತ ಅವಳು ಆರಿಸುತ್ತಾಳೆ: ಒಂದು ದಿನವನ್ನೋ, ಅಪಾಯದ ದಾರಿಯನ್ನೋ.

ಮೊದಲ ಪರೀಕ್ಷೆಯಲ್ಲೇ ಒಂದು ತೂತು ಸಿಕ್ಕಿತು. "ಮುಂದೆ ನಮಗೆ ಯಾರು ಕಾಯ್ತಿದ್ದಾರೆ?" ಅಂತ ಕೇಳಿದಳು. ಅದಕ್ಕೆ ಉತ್ತರ ಕೊಟ್ಟರೆ ಇಡೀ ಸೆಷನ್ ಬಿಚ್ಚಿಟ್ಟ ಹಾಗೆ. ಒಂದು ಸಾಲು ಸೇರಿಸಿದೆವು: ನೆಲದ ಮೇಲೆ, ಗಿಡದಲ್ಲಿ, ಗಾಳಿಯಲ್ಲಿ ಗುರುತು ಬಿಟ್ಟಿರುವುದನ್ನು ಮಾತ್ರ ಕೇಳಬಹುದು. ಬೂದಿ ಜೊತೆಗಿದ್ದರೆ ವಾಸನೆಯನ್ನೂ ಕೇಳಬಹುದು ಅಂತ ತಂಗಿಯೇ ಸೇರಿಸಿದಳು, ಎಲ್ಲರೂ ಒಪ್ಪಿದರು. ಈಗ ಪ್ರಯಾಣದ ದೃಶ್ಯ ಬಂದರೆ ಅವಳು ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಾಳೆ.

ಫೇವರ್ಡ್ ಎನಿಮಿಯನ್ನು, ಅಂದರೆ ರೇಂಜರ್ ಚೆನ್ನಾಗಿ ಬಲ್ಲಳು ಅಂತ ಮೊದಲೇ ಆರಿಸಿಕೊಳ್ಳುವ ಎದುರಾಳಿ ಜಾತಿಯನ್ನು, ಹೆಚ್ಚು ಮುಟ್ಟಲಿಲ್ಲ. ಹೊಸ ಜಾತಿಯ ಎದುರಾಳಿಯ ಹೆಜ್ಜೆಯನ್ನು ಒಂದು ರಾತ್ರಿ ಕೂತು ಅಭ್ಯಾಸ ಮಾಡಿದರೆ ಹಳೆಯ ಹೆಸರನ್ನು ಬದಲಿಸಬಹುದು, ಅಷ್ಟೇ.

ಇಷ್ಟೆಲ್ಲ ಬಿಚ್ಚಿ ಜೋಡಿಸುವಾಗ ಹಳೆಯದನ್ನೂ ಓದಿದೆ. 1974ರ ಮೊದಲ ಆಟದಲ್ಲಿ ಇದ್ದದ್ದು ಮೂರೇ ಕ್ಲಾಸ್, ರೇಂಜರ್ ಇರಲಿಲ್ಲ. 1975ರಲ್ಲಿ ಒಂದು ಪತ್ರಿಕೆಯ ಪುಟದಲ್ಲಿ ಬಂತು. ಅಲ್ಲಿಂದ 1978, 2000, 2014, 2016ರ ಪ್ರಯೋಗ, 2020, 2024, ಪ್ರತಿ ಸಲವೂ ಯಾರಾದರೂ ಇದನ್ನು ಬಿಚ್ಚಿದ್ದಾರೆ. ಇಷ್ಟು ಜನ ಬಿಟ್ಟುಬಿಡದೆ ಮತ್ತೆ ಮತ್ತೆ ಕೈ ಹಾಕಿದ್ದು ನೋಡಿ ನನಗೆ ಧೈರ್ಯ ಬಂತು.

ಈಗ ಹಾಳೆಯ ಮೇಲೆ ಇರುವುದು

ಅರ್ಧ ಹಾಳೆಗಿಂತ ಉದ್ದವಾಗಬಾರದು ಅಂತ ಹಟ ಹಿಡಿದೆ. ಹೀಗಿದೆ:

ಬೂದಿ ನಿನ್ನ ಸರದಿಯಲ್ಲೇ ಓಡಾಡುತ್ತದೆ. ಬೋನಸ್ ಆಕ್ಷನ್ ಕೊಟ್ಟರೆ ಕಚ್ಚುತ್ತದೆ, ಓಡುತ್ತದೆ, ಸಹಾಯ ಮಾಡುತ್ತದೆ. ನಿನ್ನ ಒಂದು ಬಾಣ ಬಿಟ್ಟುಕೊಟ್ಟರೂ ಕಚ್ಚುತ್ತದೆ. ಆದರೆ ಒಂದು ಸರದಿಗೆ ಒಂದೇ ಅಪ್ಪಣೆ. ಅಪ್ಪಣೆ ಇಲ್ಲದಾಗ ಏಟು ತಪ್ಪಿಸಿಕೊಳ್ಳುತ್ತದೆ. ಹಿಟ್ ಪಾಯಿಂಟ್, ಲೆವೆಲ್‌ನ ಐದರಷ್ಟು ಮತ್ತು ಐದು. ಸೊನ್ನೆಗೆ ಬಂದರೆ ನಮ್ಮೆಲ್ಲರ ಹಾಗೇ ದಾಳ. ದಿನಕ್ಕೊಂದು ಪ್ರಶ್ನೆ ನೆಲಕ್ಕೆ.

'ಒಂದೇ ಅಪ್ಪಣೆ' ಅನ್ನುವುದು ಒಂಬತ್ತನೇ ಸೆಷನ್‌ನಲ್ಲಿ ಸೇರಿದ್ದು. ಅದಿಲ್ಲದಿದ್ದರೆ ಬೋನಸ್ ಆಕ್ಷನ್‌ಗೆ ಒಂದು, ಬಾಣಕ್ಕೆ ಒಂದು ಅಂತ ಎರಡು ಸಲ ಕಚ್ಚಿಸಬಹುದಿತ್ತು.

ಐದನೇ ಲೆವೆಲ್‌ನಲ್ಲಿ ಮತ್ತೆ ಅಳೆದೆ. ಎರಡು ಬಾಣ, ಒಂದು ಕಡಿತ ಸಿಗುವ ಸುತ್ತಿನಲ್ಲಿ 24.5. ಹಂಟರ್ ಆಗಿದ್ದರೆ ಸುಮಾರು 22. ಮಾರ್ಕ್ ಸರಿಸುವ ಸುತ್ತುಗಳಲ್ಲಿ ಅವಳು ಕೆಳಗೆ ಬರುತ್ತಾಳೆ. ಇದು ನನಗೆ ಒಪ್ಪಿಗೆ. ಪರೀಕ್ಷೆಯ ಮೂರು ಸೆಷನ್ ಮುಗಿದು ಈ ಭಾಗಕ್ಕೆ ಪೆನ್ ಹಾಕಿದ್ದೇವೆ.

ಪೆನ್ಸಿಲ್‌ನಲ್ಲೇ ಉಳಿದಿರುವುದು ಹನ್ನೊಂದನೇ ಲೆವೆಲ್. ಅಲ್ಲಿ ಮೂಲ ನಿಯಮ ಒಂದು ಅಪ್ಪಣೆಗೆ ಎರಡು ಏಟು ಕೊಡುತ್ತದೆ. ಆರ್ಮರ್ ಕ್ಲಾಸ್ 17ರ ಎದುರಾಳಿಗೆ ಎರಡು ಕಡಿತ ಸುತ್ತಿಗೆ 13.2, ಅದೂ ಬರೀ ಬೋನಸ್ ಆಕ್ಷನ್‌ನಲ್ಲಿ. ನನ್ನ ಲೆಕ್ಕದಲ್ಲಿ ಇದು ಜಾಸ್ತಿ. ಎರಡನೇ ಕಡಿತಕ್ಕೆ ಒಂದು ಬಾಣ ಬಿಟ್ಟುಕೊಡಬೇಕು ಅಂತ ಮಾಡುವ ಯೋಚನೆ ಇದೆ. ತಂಗಿಗೆ ತೋರಿಸಿದೆ. ಅವಳು ಹಾಳೆ ತಿರುಗಿಸಿ ಓದಿ, ಆ ಸಾಲಿನ ಪಕ್ಕ ಒಂದು ಪ್ರಶ್ನೆ ಚಿಹ್ನೆ ಹಾಕಿ ವಾಪಸ್ ಕೊಟ್ಟಳು. "ಮೊದಲು ಅಲ್ಲೀವರೆಗೆ ಬೂದಿ ಬದುಕಿರ್ಲಿ ಅಣ್ಣ."